ಸರದಿ ತಪ್ಪಿದ ನೀರು

ಡಿಸೆಂಬರ್ ೪

ನನ್ನ ದಾರದುಂಡೆಗೆ,

ನಿನ್ನ ಅತ್ತೆ ಬರೆಯುವುದು. ಹೊಲಿಗೆ ಯಂತ್ರದ ಬೆಲ್ಟು ಹರಿದು ಕೂತಿದೆ, ಹಾಗಾಗಿ ಕೈಗೆ ಪೆನ್ನು ಬಂದಿದೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಾನು ಓದು ಕಲಿತದ್ದು ಅಂಗಿಯ ಅಳತೆಗೆ ಕತ್ತರಿಸಿದ ಹಳೇ ಪತ್ರಿಕೆಗಳಲ್ಲಿ. ಇವತ್ತಿಗೂ ಯಾವ ಸುದ್ದಿ ಓದಿದರೂ ಕಂಕುಳಿನ ಹತ್ತಿರ ಬರುವಾಗ ಕತ್ತರಿ ಬಿದ್ದ ಹಾಗನ್ನಿಸುತ್ತದೆ.

ನೀನು ಬಿತ್ತಿಹೋದ ನಾಲ್ಕು ಪಟ್ಟೆ ಗೋಧಿಯೂ ಚೆನ್ನಾಗಿ ಹುಟ್ಟಿವೆ. ನೀನು ಕೊಟ್ಟ ನಂಬರುಗಳು ನನ್ನ ನಾಲಗೆಗೆ ಹತ್ತುವುದಿಲ್ಲ. ಅವತ್ತು ನೀನು ತೋರಿಸಿದ ತೆನೆಗಳನ್ನು ನೆನೆದು ನಾನೇ ನಾಮಕರಣ ಮಾಡಿದ್ದೇನೆ. ಉದ್ದ ಮೀಸೆಯವನು ಗಡ್ಡದಯ್ಯ. ಮೀಸೆಯೇ ಇಲ್ಲದವನು ಬೋಳಪ್ಪ. ತೆಳ್ಳಗಿರುವವನು ಸಣಕಲ. ಕಾಲುವೆಯ ಕಡೆಗೆ, ನೀರು ಒಳಬರುವ ಬಾಯಿಯ ಪಕ್ಕದಲ್ಲೇ ಇರುವ ಕುಳ್ಳಿ, ಗಿಡ್ಡಿ. ಗಡ್ಡದಯ್ಯ ಆ ತುದಿಯಲ್ಲಿ, ಗಿಡ್ಡಿ ಈ ತುದಿಯಲ್ಲಿ. ಸಂಬಂಧ ಕುದುರಿಸಬೇಕೆಂದರೂ ದೂರ.

ಬೇರು ಒಡೆಯುವ ಹೊತ್ತಿಗೆ ಒಂದು ನೀರು ಕೊಡು ಅಂದಿದ್ದೆಯಲ್ಲ, ಅದಾಯಿತು. ನಿಮ್ಮಪ್ಪನೇ ಬಿಟ್ಟ. ಊರಿಗೆಲ್ಲ ನೀರುಗಂಟಿ ಅವನೇ ಅಂದಮೇಲೆ ಇನ್ಯಾರು ಬಿಡಬೇಕು? ಕಾಲುವೆಯ ನೀರನ್ನು ಸರದಿ ಪ್ರಕಾರ ಹೊಲ ಹೊಲಕ್ಕೆ ತಿರುಗಿಸುವವನು ಅಣ್ಣತಮ್ಮ ಅಕ್ಕತಂಗಿ ನೋಡುವುದಿಲ್ಲ. ನನ್ನ ಸರದಿ ಮುಗಿದದ್ದೇ ತಡ, ಸಲಿಕೆಯಲ್ಲಿ ಮಣ್ಣೆತ್ತಿ ಬಾಯಿ ಮುಚ್ಚಿಬಿಟ್ಟ. "ಮೂಲೆ ಇನ್ನೂ ನೆನೆದಿಲ್ಲ ಕಣೋ" ಅಂದೆ. "ಮುಂದಿನೋರು ಕಾಯ್ತಿದಾರೆ ಅಕ್ಕಾ" ಅಂದ. ಮುಂದಿನವಳು ಕೋಳಿಯಕ್ಕ. ಅವಳ ಹೊಲ ದಾಟಿದರೆ ಕಾಲುವೆಯೇ ಮುಗಿಯುತ್ತದೆ. ಬಾಲದ ಕಡೆಯವರಾದ ನಮ್ಮಿಬ್ಬರಿಗೆ ಬರುವ ನೀರು, ತುಂಬಿದ ಮನೆಯಲ್ಲಿ ಕೊನೆಗೆ ಉಣ್ಣಲು ಕೂತವರಿಗೆ ಸಿಗುವ ಅನ್ನದ ಹಾಗೆ.

ನಿನ್ನ ಗೋಧಿಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಆದರೆ ಪಟ್ಟೆ ತುಳಿಯದ ಹಾಗೆ ಬದುವಿನ ಮೇಲೇ ನಡೆದ.

ನಿನ್ನ ಅತ್ತೆ


ಜನವರಿ ೯

ಅತ್ತೆ,

ನಿನ್ನ ಪತ್ರವನ್ನು ಪ್ರಯೋಗಶಾಲೆಯಲ್ಲಿ ಓದಿ ಹೇಳಿದೆ. ಈಗ ನಮ್ಮ ವಿಭಾಗದ ಮೇಡಂ ಕೂಡ ನಂಬರು ಬಿಟ್ಟು "ನಿಮ್ಮ ಬೋಳಪ್ಪ ಹೇಗಿದಾನ್ರೀ?" ಅಂತ ಕೇಳುತ್ತಾರೆ.

ಒಂದು ಕೆಟ್ಟ ಸುದ್ದಿ. ಇದೇ ನಾಲ್ಕು ತಳಿಗಳನ್ನು ಬೇರೆ ಎರಡು ಊರುಗಳಲ್ಲೂ ಬಿತ್ತಿದ್ದೆ. ಒಂದು ಕಡೆ ಆಡುಗಳು ನುಗ್ಗಿ ಬೋಳಿಸಿ ಹೋದವು. ಇನ್ನೊಂದು ಕಡೆ ಆಲಿಕಲ್ಲು ಬಿತ್ತು. ಈ ವರ್ಷ ನನ್ನ ಕೈಯಲ್ಲಿ ಉಳಿದಿರುವುದು ನಿನ್ನ ಹೊಲ ಒಂದೇ.

ಅದಕ್ಕೇ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇನ್ನು ನೀರು ಬೇಡ. ಹೊಡೆ ಕಟ್ಟುವಾಗ, ಹೂ ಬಿಡುವಾಗ, ಕಾಳಿಗೆ ಹಾಲು ತುಂಬುವಾಗ ಗಿಡ ನೀರು ಕೇಳುತ್ತದೆ. ಕೇಳಲಿ. ಯಾವ ತಳಿ ಬೇರನ್ನು ಆಳಕ್ಕೆ ಇಳಿಸಿ ತಾನೇ ಹುಡುಕಿಕೊಳ್ಳುತ್ತದೆ, ಯಾವುದು ಸುಮ್ಮನೆ ಅಳುತ್ತಾ ನಿಲ್ಲುತ್ತದೆ ಅನ್ನುವುದೇ ನನ್ನ ಪರೀಕ್ಷೆ. ಒಂದೇ ನೀರಿನಲ್ಲಿ ಕಾಳು ಕಟ್ಟುವ ಗೋಧಿ ಸಿಕ್ಕರೆ, ಬಾಲದ ಕಡೆಯವರು ತಲೆಯ ಕಡೆಯವರ ದಯೆಗೆ ಕಾಯುತ್ತಾ ಕೂರಬೇಕಾಗಿಲ್ಲ. ನಿನ್ನ ಸರದಿಯನ್ನು ಈ ಸಲ ಬೇರೆ ಯಾರಿಗಾದರೂ ಕೊಟ್ಟುಬಿಡು.

ಅಪ್ಪ ಏನಂತಾರೆ ಅಂತ ನಾನು ಕೇಳುವುದಿಲ್ಲ. ನೀನಾಗಿ ಬರೆದರೆ ಓದುತ್ತೇನೆ.

ನಿನ್ನ ಉಂಡೆ


ಫೆಬ್ರವರಿ ೧೭

ಉಂಡೆ,

ಇವತ್ತು ಬೇಡದ ಮಾತು ಬರೆಯುತ್ತಿದ್ದೇನೆ, ಓದಿ ಮರೆತುಬಿಡು. ನಿನ್ನ ಗೋಧಿಯನ್ನು ನೋಡಲಾಗುತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲೆಯೆಲ್ಲ ಅಂಚು ಮಡಚಿ ಹೊಲಿಗೆ ಹಾಕಿದ ಹಾಗೆ ಸುರುಳಿ ಸುತ್ತಿಕೊಳ್ಳುತ್ತವೆ. ಸಣಕಲನ ಬುಡದ ಎಲೆಗಳು ಹಳದಿಯಾಗಿವೆ. ಮಕ್ಕಳಿಗೆ ಉಣ್ಣಲು ಕೊಡದೆ "ಯಾವನು ಗಟ್ಟಿ, ನೋಡೋಣ" ಅಂದ ಹಾಗಿದೆ ನನ್ನ ಸ್ಥಿತಿ. ಬಟ್ಟೆ ಒಗೆದ ನೀರನ್ನು ಕೂಡ ಆ ಕಡೆ ಚೆಲ್ಲುತ್ತಿಲ್ಲ, ಇತ್ತ ಕಡೆ ಬೀದಿಗೆ ಚೆಲ್ಲಿ ಬೈಸಿಕೊಳ್ಳುತ್ತಿದ್ದೇನೆ.

ಜನ ನಗುತ್ತಾರೆ. ತಲೆಕಾಲುವೆಯ ತೋಟದವನು ನನ್ನ ಹೊಲಿಗೆ ಅಂಗಡಿಯ ಮುಂದೆಯೇ ನಿಂತು, "ಏನಮ್ಮ ಟೈಲರಮ್ಮ, ಗೋಧಿಗೆ ಉಪವಾಸ ವ್ರತಾನಾ? ನೀರುಗಂಟಿ ಮನೆ ಹೊಲಾನೇ ಒಣಗಿದ್ರೆ ನಮ್ಮ ಗತಿ ಏನಪ್ಪಾ!" ಅಂದ. ನಿಮ್ಮಪ್ಪ ಗೋಡೆಯ ಆ ಕಡೆ, ತನ್ನ ಕೋಣೆಯಲ್ಲೇ ಇದ್ದ. ಕೇಳಿಸದೆ ಇರಲು ಸಾಧ್ಯವಿಲ್ಲ. ಈಚೆ ಬರಲೇ ಇಲ್ಲ.

ವರ್ಷಗಳ ಹಿಂದೆ ಆ ದಿನ ಸರದಿ ಗೊತ್ತುಮಾಡುವ ಸಭೆಯಲ್ಲಿ ನೀನು ಎದ್ದು ನಿಂತು, "ಗೋಧಿಗೆ ಬೇಕಾದಾಗ ನೀರು ಕೊಡಬೇಕು, ಸರದಿ ಬಂದಾಗ ಅಲ್ಲ. ನೀವು ಅರ್ಧ ನೀರನ್ನ ದಂಡ ಮಾಡ್ತಿದೀರಿ" ಅಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನೀನು ಹೇಳಿದ್ದು ಸರಿಯೇ ಇರಬಹುದು. ಆದರೆ ಊರೆಲ್ಲರ ಎದುರು ಹೇಳಿದ್ದು ಅಪ್ಪನಿಗೆ. ಅವನೂ ಸುಮ್ಮನಿರಲಿಲ್ಲ. "ಹಾಗಾದ್ರೆ ನೀರಿಲ್ದೆ ಬೆಳೆದು ತೋರ್ಸು. ಆಮೇಲೆ ನಂಗೆ ಬುದ್ಧಿ ಹೇಳು" ಅಂದ. ಅಂದಿನಿಂದ ಅಪ್ಪ ಮಗಳ ನಡುವೆ ನಾನೇ ಅಂಚೆಯವಳು.

ಮೊನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಕೇಳಿದ: "ಆ ಹುಡುಗಿ ಯಾವಾಗ ಬರ್ತಾಳಂತೆ, ಅಳತೆಗೆ?" ಇಷ್ಟು ವರ್ಷದಲ್ಲಿ ಮೊದಲ ಸಲ. "ಮುಂದಿನ ತಿಂಗಳ ಮೊದಲ ವಾರ" ಅಂದೆ. ಎದ್ದು ಕೈ ತೊಳೆದ.

ನಿನ್ನ ಅತ್ತೆ


ಮಾರ್ಚ್ ೬

ಅತ್ತೆ! ಅತ್ತೆ!

ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ನಿನ್ನ ಎದುರು ಕುಣಿಯಬಾರದು ಅಂತ ತಡೆದುಕೊಂಡಿದ್ದೆ. ಲೆಕ್ಕ ಎರಡು ಸಲ ನೋಡದೆ ಬಾಯಿ ಬಿಡಬಾರದು ಅನ್ನುವುದು ನಮ್ಮಲ್ಲಿ ನಿಯಮ. ಈಗ ನೋಡಾಯಿತು.

ಪಿಸ್ತೂಲಿನಂಥ ಯಂತ್ರ ಹಿಡಿದು ಎಲೆಗಳಿಗೆ ಗುರಿ ಇಟ್ಟಿದ್ದೆನಲ್ಲ, ಕೋಳಿಯಕ್ಕ "ಯಾರನ್ನ ಸುಡ್ತೀಯೇ ತಾಯಿ" ಅಂತ ಓಡಿದ್ದಳಲ್ಲ, ಅದು ಎಲೆಯ ಕಾವನ್ನು ಅಳೆಯುತ್ತದೆ. ನೀರು ಸಿಗದ ಗಿಡ ಬೆವರುವುದಿಲ್ಲ, ಅದರ ಎಲೆ ಬಿಸಿಯಾಗುತ್ತದೆ. ಕೆಳಗೆಲ್ಲೋ ನೀರು ಹುಡುಕಿಕೊಂಡ ಗಿಡ ನೆತ್ತಿಯ ಮೇಲೆ ಬಿಸಿಲಿದ್ದರೂ ತಂಪಾಗಿರುತ್ತದೆ. ಸಣಕಲ, ಬೋಳಪ್ಪ ಇಬ್ಬರೂ ಕಾದ ಹೆಂಚು. ಗಡ್ಡದಯ್ಯ ಸ್ವಲ್ಪ ಪರವಾಗಿಲ್ಲ. ಆದರೆ ಗಿಡ್ಡಿ! ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗಿದ್ದಾಳೆ! ಅವಳ ಬೇರು ಆಳಕ್ಕೆ ಇಳಿದಿದೆ ಅತ್ತೆ. ನಾವು ಇಷ್ಟು ವರ್ಷ ಹುಡುಕುತ್ತಿದ್ದದ್ದು ಇದನ್ನೇ.

ವಾಪಸು ಬರುವಾಗ ಕಾಲುವೆಯ ಏರಿಯ ಮೇಲೆ ಅಪ್ಪ ಎದುರು ಸಿಕ್ಕರು. ಹೆಗಲ ಮೇಲೆ ಸಲಿಕೆ. ನಿಂತರು. ಏನೋ ಕೇಳುತ್ತಾರೆ ಅನಿಸಿತು. ನನ್ನ ಕೈಯಲ್ಲಿದ್ದ ಯಂತ್ರವನ್ನು ನೋಡಿದರು, ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ನಾನು ಬಸ್ಸಿನ ಕಡೆ ನಡೆದೆ. ಸುಗ್ಗಿಯಾಗಲಿ. ಕಾಳು ತಂದು ಅವರ ಎದುರು ಸುರಿಯುತ್ತೇನೆ, ಆಗ ಮಾತಾಡುತ್ತೇನೆ.

ನಿನ್ನ ಉಂಡೆ


ಮಾರ್ಚ್ ೧೩

ಉಂಡೆ,

ನಿನ್ನ ಪತ್ರ ಬಂತು. ಸಂತೋಷ. ಇಲ್ಲಿ ಮದುವೆ ಬಟ್ಟೆಗಳ ಕೆಲಸ ಜಾಸ್ತಿ, ಅದಕ್ಕೇ ಚುಟುಕಾಗಿ ಬರೆಯುತ್ತಿದ್ದೇನೆ.

ಒಂದು ಕೇಳಬೇಕಿತ್ತು. ಬದುವಿನಿಂದ ಅಷ್ಟಿಷ್ಟು ನೀರು ಜಿನುಗಿ ಒಂದು ಪಟ್ಟೆಗೆ ಹೋದರೆ ನಿನ್ನ ಲೆಕ್ಕ ಪೂರ್ತಿ ಕೆಡುತ್ತದೆಯೋ, ಇಲ್ಲಾ ಸ್ವಲ್ಪ ಕಳೆದು ನೋಡಬಹುದೋ? ಸುಮ್ಮನೆ ಕೇಳಿದೆ. ಹಾಗೇನೂ ಆಗಿದೆ ಅಂತಲ್ಲ.

ನಿಮ್ಮಪ್ಪನ ಆರೋಗ್ಯ ಚೆನ್ನಾಗಿದೆ.

ಅತ್ತೆ


ಏಪ್ರಿಲ್ ೧೫

ಅತ್ತೆ,

ತಡವಾಯಿತು, ತಪ್ಪು ತಿಳಿಯಬೇಡ. ನಮ್ಮವರು ಬಂದು ಕೊಯ್ದುಕೊಂಡು ಹೋದರಲ್ಲ, ತೂಕವಾಯಿತು. ಉಳಿದ ಮೂವರ ಮುಂದೆ ಗಿಡ್ಡಿ ಆನೆ! ಕಾಳು ಗುಂಡುಗುಂಡಾಗಿದೆ. ಕಳೆದ ವಾರ ದೊಡ್ಡ ಸಭೆ ನಡೆಯಿತು. ಹೊರಗಿನವರೂ ಬಂದಿದ್ದರು. ನಾನು ಎದ್ದು ನಿಂತು, ಇದು ಆಳಕ್ಕೆ ಬೇರಿಳಿಸುವ ತಳಿ, ಬೇರೊಡೆಯುವಾಗ ಒಂದು ನೀರು ಕೊಟ್ಟರೆ ಸಾಕು ಅಂದೆ. ಚಪ್ಪಾಳೆ ತಟ್ಟಿದರು. ಮೇಡಂ ನನ್ನ ಬೆನ್ನು ತಟ್ಟಿದರು. ಬರುವ ಬಿತ್ತನೆಗೆ ಗಿಡ್ಡಿಯ ಬೀಜ ಹೆಚ್ಚಿಸಿ ಬಾಲದ ಕಡೆಯ ಮನೆಗಳಿಗೆ ಕೊಡುವುದು ಅಂತ ತೀರ್ಮಾನವಾಗಿದೆ. ಮೊದಲ ಚೀಲ ಯಾರಿಗೆ ಗೊತ್ತಾ? ಕೋಳಿಯಕ್ಕನಿಗೆ. ಯಾರ ಕೈಯಲ್ಲೋ ಹೇಳಿಕಳಿಸಿದ್ದಳು. "ನಿನ್ನ ಗೋಧಿಗೆ ಹೇಗೂ ಎರಡನೇ ನೀರು ಬೇಡವಲ್ಲ, ಮುಂದಿನ ಸಲದ ನನ್ನ ಸರದಿಯನ್ನು ತೋಟದವನಿಗೆ ಬಿಟ್ಟುಕೊಡುತ್ತೇನೆ, ಬದಲಿಗೆ ಅವನು ನನ್ನ ಹೊಲ ಉತ್ತುಕೊಡುತ್ತಾನಂತೆ" ಅಂತ. ಒಂದು ಗೋಧಿಯಿಂದ ಒಬ್ಬಳಿಗೆ ಎಷ್ಟು ಕೆಲಸವಾಯಿತು ನೋಡು!

ನೀನು ಜಿನುಗುವ ನೀರಿನ ಬಗ್ಗೆ ಕೇಳಿದ್ದೆ. ಆ ಹೊತ್ತಿನಲ್ಲಿ ಒಂದು ಪಟ್ಟೆಗೆ ಮಾತ್ರ ನೀರು ಹೋದರೆ ಕಳೆದು ನೋಡುವುದೆಲ್ಲ ಆಗುವುದಿಲ್ಲ. ಪೂರ್ತಿ ಕೆಟ್ಟ ಹಾಗೆ. ಯಾಕೆ ಕೇಳಿದೆ?

ನಿನ್ನ ಉಂಡೆ


ಏಪ್ರಿಲ್ ೨೨

ಉಂಡೆ,

ಕೂತು ಓದು. ನಿಂತು ಓದಬೇಡ.

ನಿನ್ನ ಗಿಡ್ಡಿಯ ಬೇರು ಆಳಕ್ಕೆ ಇಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದಕ್ಕೆ ನೀರು ಸಿಕ್ಕಿತ್ತು. ನಿಮ್ಮಪ್ಪ ಬಿಟ್ಟಿದ್ದ.

ತೋಟದವನು ಅಂಗಡಿ ಮುಂದೆ ನಿಂತು ನಕ್ಕ ಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ಒಳಗೆ ಅಡ್ಡಾದ ಹೊತ್ತು, ನಾನು ಹೊಲದ ಕಡೆ ಹೋದೆ. ದೂರದಿಂದಲೇ ನಿಮ್ಮಪ್ಪ ಕಂಡ. ಅವನು ಸಲಿಕೆ ಹಿಡಿದು ಕಾಲುವೆಯ ಮೇಲೆ ನಿಂತಿದ್ದರೆ ಯಾರು ತಾನೆ ತಿರುಗಿ ನೋಡುತ್ತಾರೆ? ನಾನೂ ನೋಡುತ್ತಿರಲಿಲ್ಲ. ಆದರೆ ಅವನು ನಮ್ಮ ಹೊಲದ ಬಾಯಿಯಲ್ಲಿ ಬಗ್ಗಿದ್ದ. ಕೈಯಿಂದಲೇ ಮಣ್ಣು ತೆಗೆದಿದ್ದ, ಸಲಿಕೆಯ ಗುರುತು ಬೀಳಬಾರದು ಅಂತ. ಬೆರಳುದಪ್ಪದ ನೀರು ಒಳಗೆ ಹರಿಯುತ್ತಿತ್ತು. ಅಷ್ಟು ಸಣ್ಣ ನೀರು ಎಲ್ಲಿಯವರೆಗೆ ಹೋಗುತ್ತದೆ? ಬಾಯಿಯ ಪಕ್ಕದ ಪಟ್ಟೆಯನ್ನು ನೆನೆಸಿ ಅಲ್ಲೇ ಇಂಗಿತು. ಗಿಡ್ಡಿ ಕುಡಿದಳು, ಉಳಿದವರು ನೋಡಿದರು.

"ಏನೋ ಇದು?" ಅಂದೆ.

ಅವನು ಬೆಚ್ಚಲಿಲ್ಲ. ತಲೆ ಎತ್ತಲಿಲ್ಲ. "ನಾನು ಅವತ್ತು ಆಡಿದ ಮಾತೇ ನಿಜವಾಗಿಬಿಡುತ್ತೆ ಅಕ್ಕಾ. ಒಣಗಿದ ಹೊಲ ತೋರ್ಸಿ ಜನ ಅವಳನ್ನ ನಗ್ತಾರೆ. ನಾನೇ ನಗಿಸಿದ ಹಾಗಾಗುತ್ತೆ" ಅಂದ.

"ಅವಳು ನೀರು ಬೇಡ ಅಂದಿದಾಳೆ ಕಣೋ."

"ಮಕ್ಕಳು ಬೇಡ ಅಂತಾರೆ. ಹಸಿವಾಗಿರಲ್ವಾ?"

ಅಲ್ಲಿಗೆ ನಾನು ಸೋತೆ, ಉಂಡೆ. ನಿನ್ನ ಪರೀಕ್ಷೆ ಕೆಡುತ್ತದೆ ಅಂತ ನನಗೆ ಗೊತ್ತಿತ್ತು, ನೀನು ಎಷ್ಟು ಸಲ ಹೇಳಿದ್ದೆ. ಆದರೂ ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಈ ಕಲ್ಲು ಕೊನೆಗೂ ಮಗಳಿಗಾಗಿ ಬಗ್ಗಿತಲ್ಲ ಅಂತ. ನಿನ್ನ ಕೆಲಸಕ್ಕಿಂತ ನಿಮ್ಮಿಬ್ಬರ ರಾಜಿ ನನಗೆ ದೊಡ್ಡದಾಗಿ ಕಂಡಿತು. ಬಾಯಿಗೆ ಬೀಗ ಹಾಕಿಕೊಂಡೆ. ಅವನು ಆಮೇಲೂ ಬಿಟ್ಟ. ನಾನು ಆ ಹೊತ್ತಿಗೆ ಹೊಲದ ಕಡೆ ಹೋಗುವುದನ್ನೇ ನಿಲ್ಲಿಸಿದೆ.

ಇನ್ನೂ ಇದೆ. ನೀನು ಅಳತೆಗೆ ಬರುವ ದಿನ ಬೆಳಗ್ಗೆ ಹೋಗಿ ನೋಡಿದರೆ ಬಾಯಿಯ ಹತ್ತಿರ ಹಸಿ ಕೆಸರು. ಸೆರಗಿನಲ್ಲಿ ಒಣಮಣ್ಣು ತುಂಬಿಕೊಂಡು ಬಂದು ನಾನೇ ಅದರ ಮೇಲೆ ಹರಡಿದೆ. ಕಾಲಿನಲ್ಲಿ ಒತ್ತಿ ಸಮ ಮಾಡಿದೆ. ಅದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಿಮ್ಮಪ್ಪನಿಗೂ ಗೊತ್ತಿಲ್ಲ.

ಆ ಹೊತ್ತು ಕಾಲುವೆಯಲ್ಲಿ ಹರಿಯುತ್ತಿದ್ದದ್ದು ಯಾರ ಸರದಿಯ ನೀರು ಅಂತ ನೀನು ಕೇಳುತ್ತೀಯ. ನಮ್ಮನ್ನು ದಾಟಿ ಹೋಗುವ ನೀರು ಇನ್ಯಾರದ್ದು? ಕೋಳಿಯಕ್ಕನದು. ಒಂದು ಚೊಂಬು ನೀರು ಹೆಚ್ಚು ಬಿಡು ಅಂತ ಅವಳು ಬೇಡಿಕೊಂಡಾಗ "ಲೆಕ್ಕ ಲೆಕ್ಕವೇ" ಅಂತ ಬಾಯಿ ಮುಚ್ಚಿಸಿದ್ದವನು ಇವನೇ. ಬೇಲಿ ಎದ್ದು ಹೊಲ ಮೇಯಿತು. ಅವಳು ಮೊಮ್ಮಗನ ಅಂಗಿ ಹೊಲಿಸಲು ಬಂದವಳು, "ಈ ಸಲ ನನ್ನ ಕಾಳು ಜೊಳ್ಳು ಕಣೇ. ನಿನ್ನ ಸೋದರಸೊಸೆ ಗೋಧಿ ನೋಡಿದ್ಮೇಲೆ ಧೈರ್ಯ ಬಂತು" ಅಂದಳು. ಅಳತೆಪಟ್ಟಿಯನ್ನು ಅವಳ ಮೊಮ್ಮಗನ ಕತ್ತಿಗೆ ಹಾಕಿಕೊಂಡು ನಿಂತಿದ್ದೆ. ಎಷ್ಟು ಇಂಚು ಅಂತ ನೋಡಿದೆನೋ ಮರೆತೇಹೋಯಿತು. ಆ ಅಂಗಿಯ ಕತ್ತು ಬಿಗಿಯಾಯಿತು.

ಈಗ ಅವಳು ನಮ್ಮ ಮಾತು ನಂಬಿ ಸರದಿಯನ್ನೇ ಬಿಟ್ಟುಕೊಡುತ್ತಾಳೆ ಅಂತ ನೀನು ಬರೆದಿದ್ದೀಯ. ಬಿಟ್ಟ ಸರದಿ ಆ ವರ್ಷ ತಿರುಗಿ ಬರುವುದಿಲ್ಲ. ಅದನ್ನು ಓದಿದವಳೇ ಪೆನ್ನು ಹುಡುಕಿದೆ. ಬರೆಯುತ್ತೇನೆ ಅಂತ ನಿಮ್ಮಪ್ಪನಿಗೆ ಹೇಳಿದೆ. "ಬರೆದರೆ ಅವಳ ಮರ್ಯಾದೆ ಹೋಗುತ್ತೆ, ಬರೀಬೇಡ" ಅಂದ. ತನ್ನ ಮರ್ಯಾದೆ ಅನ್ನಲಿಲ್ಲ. ಅವನು ಹಾಗೆ ಅಂದಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು.

ಯಾವ ಮುಖ ಇಟ್ಟುಕೊಂಡು ಕ್ಷಮಿಸು ಅನ್ನಲಿ? ಆ ಬೀಜ ಯಾರಿಗೂ ಕೊಡಿಸಬೇಡ.

ಅತ್ತೆ


ಜೂನ್ ೩

ಉಂಡೆ,

ಆ ಪತ್ರಕ್ಕೂ, ಆಮೇಲೆ ಹಾಕಿದ ಇನ್ನೊಂದಕ್ಕೂ ನಿನ್ನ ಉತ್ತರವಿಲ್ಲ. ಅಂಚೆಯವನನ್ನು ಕೇಳಿ ಕೇಳಿ ಅವನು ಈಗ ನಮ್ಮ ಬೀದಿಗೆ ಬರುವಾಗ ಸೈಕಲ್ ಜೋರಾಗಿ ಹೊಡೆಯುತ್ತಾನೆ.

ನಿಮ್ಮಪ್ಪ ನನ್ನೊಂದಿಗೂ ಮಾತು ಬಿಟ್ಟಿದ್ದಾನೆ. ಗೋಡೆಯ ಆ ಕಡೆ ಕೆಮ್ಮುತ್ತಾನೆ, ಈ ಕಡೆ ನಾನು ಕೆಮ್ಮುತ್ತೇನೆ. ಇಷ್ಟೇ ನಮ್ಮ ಸಂಸಾರ. ಕೋಳಿಯಕ್ಕನಿಗೆ ನಾನು ಇಷ್ಟು ಮಾತ್ರ ಹೇಳಿದೆ: "ಸರದಿ ಬಿಡಬೇಡ ಕಣೇ, ಆ ಗೋಧಿ ನಂಬೋ ಹಾಗಿಲ್ಲ." ಯಾಕೆ ಅಂದಳು. ಯಂತ್ರ ತುಳಿಯುತ್ತಾ ಕೂತೆ. ಅವಳು ನನ್ನನ್ನು ನೋಡಿದ ರೀತಿ ಬೇರೆಯಾಗಿತ್ತು. ನಮ್ಮ ಮನೆಯವರಿಗೆ ಮಾತ್ರ ಒಳ್ಳೆಯ ಬೀಜ ಇಟ್ಟುಕೊಳ್ಳುತ್ತಿದ್ದೇವೆ ಅಂತ ತಿಳಿದಿರಬೇಕು. ತಿಳಿಯಲಿ. ಅದಕ್ಕಿಂತ ಕೆಟ್ಟದ್ದನ್ನೇ ಮಾಡಿದ್ದೇವೆ.

ಬೈದು ಬರೆ. ಬೈಯುವುದಕ್ಕಾದರೂ ಬರೆ.

ಅತ್ತೆ


ಜುಲೈ ೧೧

ಅತ್ತೆ,

ನಿನ್ನ ಏಪ್ರಿಲ್ ಪತ್ರ ಬಂದ ಮರುದಿನವೇ ಮೇಡಂ ಕೋಣೆಗೆ ಹೋದೆ. ಬಾಗಿಲ ಹತ್ತಿರ ಹೋಗಿ ತಿರುಗಿ ಬಂದೆ. ಹೀಗೇ ಒಂದು ವಾರ. ಆಮೇಲೆ ಹೇಳಿದೆ. ನನ್ನ ಮನೆಯವರೇ ನೀರು ಬಿಟ್ಟಿದ್ದರು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೀವು ಬೇರು ಅಗೆದು ನೋಡಲಿಲ್ವಾ?" ಅಂದರು. ಅಷ್ಟೇ.

ನೋಡಿರಲಿಲ್ಲ. ಮಣ್ಣು ಕೊರೆಯುವ ಕೊಳವೆ ಅವತ್ತು ನನ್ನ ಚೀಲದಲ್ಲೇ ಇತ್ತು. ಗಿಡ್ಡಿಯ ಬುಡಕ್ಕೆ ಕೈ ಹಾಕಿದಾಗ ಮಣ್ಣು ಮೆತ್ತಗಿತ್ತು. ಬೇರಿನ ಗುಣ ಅಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಇಷ್ಟವಾಗಿತ್ತು. ಕೊರೆದರೆ ಏನು ಸಿಗಬಹುದೋ ಅನ್ನುವ ಅಳುಕು ಕೈಯಲ್ಲಿ ಇದ್ದದ್ದು ಈಗ ನೆನಪಾಗುತ್ತದೆ. ಬೇರು ನೋಡದೆ ಬೇರು ಆಳ ಅಂತ ನೂರು ಜನರ ಎದುರು ಹೇಳಿದವಳು ನಾನು. ಚಪ್ಪಾಳೆ ತೆಗೆದುಕೊಂಡವಳೂ ನಾನು.

ಅದೇ ಜನರಿಗೆಲ್ಲ ತಪ್ಪಾಯಿತು ಅಂತ ಪತ್ರ ಹೋಯಿತು. ಬೀಜ ನಿಲ್ಲಿಸಿದರು. ಊಟದ ಹೊತ್ತಿಗೆ ನಾನು ಬಂದರೆ ಮೇಜಿನ ಮಾತು ನಿಲ್ಲುತ್ತದೆ. ಒಬ್ಬ ಮಾತ್ರ, "ಏನ್ರೀ, ನಿಮ್ಮ ಗಿಡ್ಡಿ ಕದ್ದು ಕುಡಿಯೋಳಂತೆ?" ಅಂದ. ನಾನೂ ನಕ್ಕೆ. ನಕ್ಕದ್ದಕ್ಕೆ ಆಮೇಲೆ ಇನ್ನೂ ಹೇಸಿಗೆಯಾಯಿತು.

ಕೆಲಸ ಉಳಿದಿದೆ. ಮೇಡಂ ಇನ್ನೊಂದು ವರ್ಷ ಕೊಟ್ಟಿದ್ದಾರೆ. ನಿಜವಾಗಿ ಒಂದೇ ನೀರಿನಲ್ಲಿ ನಿಂತವನು ಗಡ್ಡದಯ್ಯ. ತೂಕ ಕಡಿಮೆ, ಆದರೆ ಕಾಳು ಜೊಳ್ಳಾಗಿಲ್ಲ. ಗಿಡ್ಡಿಯ ಗಲಾಟೆಯಲ್ಲಿ ಅವನ ಕಡೆ ನಾನು ನೋಡಿಯೇ ಇರಲಿಲ್ಲ. ಅವನನ್ನು ಮತ್ತೆ ಬಿತ್ತಬೇಕು, ನಿಜವಾಗಿ ನೀರಿಲ್ಲದ ಜಾಗದಲ್ಲಿ. ನಿನ್ನ ಹೊಲದಲ್ಲಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ನಿಜ ಹೇಳುತ್ತೇನೆ. ಅಪ್ಪ ನೀರು ಬಿಟ್ಟದ್ದನ್ನು ಅರ್ಥ ಮಾಡಿಕೊಳ್ಳಬಲ್ಲೆ. ನೀನು ಸೆರಗಿನಲ್ಲಿ ಮಣ್ಣು ತಂದು ಹರಡಿದ್ದನ್ನು ಎಷ್ಟು ಸಲ ಓದಿದರೂ ನನ್ನ ಕೈಯಲ್ಲಿ ಆಗುತ್ತಿಲ್ಲ. ಅದೇ ಬೆಳಗ್ಗೆ ನೀನು ನನಗೆ ಬಿಸಿ ಹಾಲು ಕೊಟ್ಟು, ತಲೆ ಸವರಿ ಹೊಲಕ್ಕೆ ಕಳಿಸಿದ್ದೆ.

ಅವರಿಗೆ ತೋರಿಸಬೇಕು ಅಂತ ನಾನು ಬಿತ್ತಿದೆ. ನಾನು ಸೋಲಬಾರದು ಅಂತ ಅವರು ನೀರು ಬಿಟ್ಟರು. ಗೋಧಿಯ ಮಾತು ಯಾರಿಗೂ ಬೇಕಿರಲಿಲ್ಲ.

ಉಂಡೆ


ಅಕ್ಟೋಬರ್ ೮

ಉಂಡೆ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದು ಕೋಪಕ್ಕಲ್ಲ. ಬಿಸಿ ಹಾಲಿನ ಮಾತು ದಾಟಿ ಮುಂದಕ್ಕೆ ಹೋಗಲು ನನ್ನಿಂದ ಆಗುತ್ತಿರಲಿಲ್ಲ. ಈಗಲೂ ದಾಟಿಲ್ಲ. ಪಕ್ಕದಿಂದ ಹಾದು ಬರೆಯುತ್ತಿದ್ದೇನೆ. ಬರೆಯಲೇಬೇಕಾದ ಸುದ್ದಿ ಇದೆ.

ನಿನ್ನೆ ಸರದಿ ಗೊತ್ತುಮಾಡುವ ಸಭೆ ಇತ್ತು, ತೂಬಿನ ಕಟ್ಟೆಯ ಮೇಲೆ. ನಿನಗೆ ಗೊತ್ತಲ್ಲ, ಹೊಸ ಸರದಿ ಶುರುವಾಗುವ ಮೊದಲು ನೀರುಗಂಟಿ ಒಂದು ಮಾತು ಕೇಳಬೇಕು: "ಹೋದ ಬೆಳೆಯಲ್ಲಿ ಸರದಿ ತಪ್ಪಿಸಿ ನೀರು ತಗೊಂಡೋರು ಯಾರಾದ್ರೂ ಇದೀರಾ?" ತಗೊಂಡವರು ತಾವಾಗಿ ಬಂದು ತೂಬಿನ ಕೆಳಗಿನ ಚಪ್ಪಡಿಯ ಮೇಲೆ ನಿಂತು ಹೇಳಬೇಕು. ಹಾಗೆ ಹೇಳಿದವರಿಗೆ ಬೇರೊಡೆಯುವ ಮೊದಲ ನೀರು ಮಾತ್ರ ಸಿಗುತ್ತದೆ. ಮೊದಲ ನೀರನ್ನು ಯಾರಿಂದಲೂ ಕಿತ್ತುಕೊಳ್ಳುವ ಹಾಗಿಲ್ಲ. ಉಳಿದ ಸರದಿ ಆ ವರ್ಷ ಪೂರ್ತಿ ರದ್ದು. ನಿಮ್ಮಪ್ಪ ಎಷ್ಟು ಜನರನ್ನು ಆ ಚಪ್ಪಡಿಯ ಮೇಲೆ ನಿಲ್ಲಿಸಿಲ್ಲ!

ನಿನ್ನೆಯೂ ಕೇಳಿದ. ಎಂದಿನ ದನಿಯೇ. ಯಾರೂ ಏಳಲಿಲ್ಲ. "ಆಯ್ತಲ್ಲ, ಮುಂದೆ ನಡೀರಿ" ಅಂದ ತೋಟದವನು. ನಿಮ್ಮಪ್ಪ ಸಲಿಕೆಯನ್ನು ಕಟ್ಟೆಗೆ ಒರಗಿಸಿಟ್ಟ. ಮೆಟ್ಟಿಲಿಳಿದ. ಕೆಳಗಿನ ಚಪ್ಪಡಿಯ ಮೇಲೆ ಹೋಗಿ ನಿಂತು ನಮ್ಮೆಲ್ಲರ ಕಡೆ ತಿರುಗಿದ. ಜನಕ್ಕೆ ಅರ್ಥವೇ ಆಗಲಿಲ್ಲ. ಒಬ್ಬ ನಕ್ಕೂಬಿಟ್ಟ, ಏನೋ ತಮಾಷೆ ಅಂತ.

"ನಾನು ತಗೊಂಡಿದೀನಿ" ಅಂದ. "ಕೋಳಿಯಕ್ಕನ ಸರದಿಯಲ್ಲಿ. ನಮ್ಮಕ್ಕನ ಹೊಲಕ್ಕೆ. ಮಗಳು ಬೇಡ ಅಂದಿದ್ಲು, ಅವಳಿಗೆ ಗೊತ್ತಿರ್ಲಿಲ್ಲ. ಅವಳ ಲೆಕ್ಕ ಕೆಟ್ಟಿದ್ದು ನನ್ನಿಂದ. ಅವಳು ಹೇಳಿದ್ದು ಯಾವುದೂ ಸುಳ್ಳಲ್ಲ."

ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ಅದು ಶೌರ್ಯವೇನಲ್ಲ, ಕೂತಲ್ಲಿ ಕೂರಲಾಗಲಿಲ್ಲ. "ನಾನು ನೋಡಿದ್ದೆ, ಮಣ್ಣು ಮುಚ್ಚಿದ್ದೆ" ಅಂದೆ. ಅದನ್ನು ಕೇಳಿ ನಿಮ್ಮಪ್ಪ ತಿರುಗಿ ನನ್ನನ್ನು ನೋಡಿದ. ಇಷ್ಟು ತಿಂಗಳ ನಂತರ.

ಎಲ್ಲರೂ ಕೋಳಿಯಕ್ಕನ ಬಾಯಿ ನೋಡಿದರು. ಅವಳು ಸೆರಗು ಬಿಗಿದು ಎದ್ದಳು. "ಇಷ್ಟು ವರ್ಷ ನನಗೆ ಒಂದು ಚೊಂಬು ಹೆಚ್ಚು ಬಿಡ್ಲಿಲ್ಲ ಈ ಮಹಾನುಭಾವ" ಅಂದಳು. "ನನ್ನ ಕಾಳು ಜೊಳ್ಳಾದಾಗ ಬಂದು ಬದುವಿನ ಮೇಲೆ ನಿಂತು, ಗೊಬ್ಬರ ಸಾಲಲಿಲ್ಲ ನಿಂಗೆ ಅಂದ!" ಯಾರೋ ನಗಲು ಹೋದರು. "ನಗಬೇಡಿ" ಅಂದಳು. "ಹಲ್ಲು ಕಿರಿಯೋ ಮಾತಲ್ಲ ಇದು." ಆಮೇಲೆ ನನ್ನ ಕಡೆ ತಿರುಗಿ, "ಅವನು ಗಂಡಸು, ಮಗಳ ಹುಚ್ಚು. ನೀನು ನನ್ನ ಪಕ್ಕದೋಳು ಕಣೇ" ಅಂದಳು. ನನಗೆ ಆ ಚಪ್ಪಡಿ ಸೀಳಿ ಒಳಗೆ ಹೋಗಬಾರದಿತ್ತೇ ಅನಿಸಿತು.

ನಮ್ಮ ಹೊಲದ ಸರದಿ ರದ್ದಾಯಿತು. ಹೊಸ ನೀರುಗಂಟಿ ಸಿಗುವವರೆಗೆ ಇವನೇ ನೋಡಲಿ ಅಂದರು, ಬೇರೆಯವರಿಗೆ ತೂಬಿನ ಲೆಕ್ಕ ಬರುವುದಿಲ್ಲ. ಸಲಿಕೆ ತಗೊಂಡ. ಆದರೆ ಹೆಗಲ ಮೇಲೆ ಇಟ್ಟುಕೊಳ್ಳಲಿಲ್ಲ. ಕೈಯಲ್ಲಿ ಇಳಿಬಿಟ್ಟುಕೊಂಡು ನಡೆದ, ಊರ ಬೀದಿಯುದ್ದಕ್ಕೂ ಕಲ್ಲಿಗೆ ತಗುಲುವ ಸದ್ದು.

ಇವತ್ತು ಬೆಳಗ್ಗೆ ನಮ್ಮ ಹೊಲದ ಬಾಯಿಗೆ ಕಲ್ಲು ಕಟ್ಟುತ್ತಿದ್ದ. ಮಣ್ಣಲ್ಲ, ಕಲ್ಲು, ಗಾರೆ. ಮೊದಲ ನೀರಿಗೆ ಮಾತ್ರ ತೆಗೆಯಲು ಒಂದು ಹಲಗೆ ಇಟ್ಟು ಅದಕ್ಕೆ ಬೀಗ ಹಾಕಿದ್ದಾನೆ. ಬೀಗದ ಕೈ ಕೋಳಿಯಕ್ಕನ ಹತ್ತಿರ. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾಳೆ. ನನ್ನ ಜೊತೆ ಮಾತಿಲ್ಲ.

ನಿನ್ನೆ ರಾತ್ರಿ ನಿನ್ನ ಪತ್ರ ಓದಿಸಿಕೊಂಡ ನಿಮ್ಮಪ್ಪ ಈಗ ನನ್ನ ಎದುರು ಕೂತಿದ್ದಾನೆ. ಕೈಬೆರಳಲ್ಲಿ ಗಾರೆ ಒಣಗಿದೆ. "ಬರಿ" ಅಂದ. ಬರೆಯುತ್ತಿದ್ದೇನೆ. "ಈ ವರ್ಷ ಆ ಹೊಲಕ್ಕೆ ಒಂದೇ ನೀರು ಅಂತ ಬರಿ. ನಾನು ಬೇಕು ಅಂದ್ರೂ ಬಿಡಕ್ಕಾಗಲ್ಲ ಅಂತ ಬರಿ." ಬರೆದೆ. "ಆ ಗಡ್ಡದ ಗೋಧಿ ಬಿತ್ತಬಹುದು ಅಂತ ಬರಿ, ಅವಳಿಗೆ ಬೇಕಿದ್ರೆ." ಅದನ್ನೂ ಬರೆದೆ. ಇನ್ನೇನಾದರೂ ಇದೆಯಾ ಅಂದೆ. ಇಲ್ಲ ಅಂತ ಎದ್ದ. ಬಾಗಿಲವರೆಗೆ ಹೋದ. ಅಲ್ಲೇ ನಿಂತ, ಬೆನ್ನು ನನ್ನ ಕಡೆಗೆ.

"ಬೀಜ ಅವಳೇ ತರ್ತಾಳೋ, ಕಳಿಸ್ತಾಳೋ ಕೇಳು" ಅಂದ.

ಅತ್ತೆ